ಗಾರ್ನೆಟ್ ಹೋದ ಮೂರು ದಾರಿ

(ಬಾಸ್ಕೆಟ್‌ಬಾಲ್ ಆಸಕ್ತರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ನಡುನಡುವೆ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2022ರ ಜೂನ್ ತಿಂಗಳ ಫೈನಲ್ ನಿಮಗೆ ನೆನಪಿರಬಹುದು. ಅಮೆರಿಕದ ರಾತ್ರಿ ನಮಗೆ ಬೆಳಗು. ಕಾಫಿ ಲೋಟ ಕೈಯಲ್ಲಿ ಹಿಡಿದು, ಕಚೇರಿಗೆ ತಡವಾದರೂ ಆಗಲಿ ಎಂದು ಕೊನೆಯ ಕ್ವಾರ್ಟರ್ ಮುಗಿಯುವವರೆಗೆ ಕುಳಿತವರು ಇಲ್ಲಿಯೂ ಹಲವರಿದ್ದೀರಿ. ಒಂದು ಕಡೆ ಗೋಲ್ಡನ್ ಸ್ಟೇಟ್ ತಂಡದ ಸ್ಟೀಫನ್ ಕರ್ರಿ. ಇನ್ನೊಂದು ಕಡೆ ಬಾಸ್ಟನ್‌ನ ಜೇಸನ್ ಟೇಟಮ್ ಮತ್ತು ಜೇಲನ್ ಬ್ರೌನ್. ಆ ಸರಣಿಯನ್ನು ಕರ್ರಿಯವರ ತಂಡ 4-2ರಿಂದ ಗೆದ್ದಿತು. ಈ ಮೂವರೂ ತಾವು ನಿಂತಿದ್ದ ಜಾಗಕ್ಕೆ ಬಂದು ಸೇರಿದ್ದರಲ್ಲಿ ಆರು ವರ್ಷ ಹಿಂದೆಯೇ ಆಟ ಬಿಟ್ಟಿದ್ದ ಒಬ್ಬ ಹಿರಿಯರ ನೆರಳಿದೆ. ಅವರು ಕೆವಿನ್ ಗಾರ್ನೆಟ್.

ಗಾರ್ನೆಟ್ ಅವರನ್ನು 2007ರಲ್ಲಿ ಬಾಸ್ಟನ್‌ಗೆ ಬಿಟ್ಟುಕೊಟ್ಟ ಲೆಕ್ಕದಲ್ಲಿ ಮಿನೆಸೋಟ ತಂಡಕ್ಕೆ 2009ರಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಒಂದು ಒಳ್ಳೆಯ ಹಕ್ಕು ದಕ್ಕಿತ್ತು. ಅದನ್ನು ಬಳಸಿ ಅವರು ಬೇರೊಬ್ಬ ಹುಡುಗನನ್ನು ಆರಿಸಿಕೊಂಡರು. ಅದರ ಮರುಸರದಿಯಲ್ಲೇ ಕರ್ರಿ ಗೋಲ್ಡನ್ ಸ್ಟೇಟ್ ಪಾಲಾದರು. 2013ರಲ್ಲಿ ಬಾಸ್ಟನ್ ತಂಡ ಅದೇ ಗಾರ್ನೆಟ್ ಅವರನ್ನು ಇನ್ನೊಂದು ಊರಿಗೆ ಕೊಟ್ಟಿತು. ಅದರ ಬದಲಿಗೆ ಪಡೆದ ಹಕ್ಕುಗಳಿಂದಲೇ ಬ್ರೌನ್ ಬಂದರು, ಟೇಟಮ್ ಬಂದರು. ಆಟಗಾರ ಒಬ್ಬರೇ. ಒಂದು ಸಲ ಅವರನ್ನು ಕೊಟ್ಟವರು ಹತ್ತು ವರ್ಷ ಕತ್ತಲಲ್ಲಿ ಕಳೆದರು, ಇನ್ನೊಂದು ಸಲ ಕೊಟ್ಟವರು ಹತ್ತು ವರ್ಷದ ಬುತ್ತಿ ಕಟ್ಟಿಕೊಂಡರು.

ಇವತ್ತು ನನ್ನ ಮುಂದಿರುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ತಂಡವೊಂದು ಸೋಲುತ್ತಿದೆ, ಬುಡದಿಂದ ಮತ್ತೆ ಕಟ್ಟಬೇಕೆಂದು ತೀರ್ಮಾನಿಸಿದೆ. ಅದರಲ್ಲಿ ಒಬ್ಬ ದೊಡ್ಡ ಆಟಗಾರನಿದ್ದಾನೆ. ಊರಿನ ಮಕ್ಕಳು ಅವನ ಸಂಖ್ಯೆಯ ಅಂಗಿ ತೊಟ್ಟೇ ಬೆಳೆದಿದ್ದಾರೆ. ಈಗ ಅವನಿಗೆ ವಯಸ್ಸಾಗುತ್ತಿದೆ. ಅವನನ್ನು ಕೊನೆಯವರೆಗೆ ಇಟ್ಟುಕೊಳ್ಳಬೇಕೋ, ಇನ್ನೊಂದು ತಂಡಕ್ಕೆ ಕೊಟ್ಟು ಏನಾದರೂ ಪಡೆಯಬೇಕೋ? ನನ್ನ ಉತ್ತರವನ್ನು ಮುಚ್ಚಿಡುವುದಿಲ್ಲ. ಕೊಡಬೇಕು. ಅವನ ಒಪ್ಪಿಗೆ ಪಡೆದು, ಅವಸರದಲ್ಲಿರುವವರಿಗೆ ಕೊಡಬೇಕು. ಆ ಗಳಿಗೆ ಮೀರಿಹೋಗಿದ್ದರೆ ಮಾತ್ರ ಅವನನ್ನು ಗೌರವದಿಂದ ಮನೆಯಲ್ಲೇ ಇಟ್ಟುಕೊಳ್ಳಬೇಕು.

ಅಮೆರಿಕದ ಈ ಲೀಗ್‌ನ ವ್ಯವಹಾರ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಯುರೋಪಿನ ಫುಟ್ಬಾಲ್‌ನಂತೆ ಇಲ್ಲಿ ದುಡ್ಡು ಸುರಿದು ಆಟಗಾರನನ್ನು ಕೊಳ್ಳುವ ಪದ್ಧತಿ ಇಲ್ಲ. ಆಟಗಾರನಿಗೆ ಆಟಗಾರ, ಇಲ್ಲವೇ ಆಟಗಾರನಿಗೆ ಮುಂದಿನ ವರ್ಷಗಳ ಡ್ರಾಫ್ಟ್ ಹಕ್ಕು. ಎರಡೂ ಕಡೆಯ ಸಂಬಳ ಹೆಚ್ಚುಕಡಿಮೆ ತೂಗಬೇಕು. ಡ್ರಾಫ್ಟ್ ಎಂದರೆ ಪ್ರತಿ ವರ್ಷ ಜೂನ್‌ನಲ್ಲಿ ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಕ್ರಮ. ಸೋತ ತಂಡಗಳಿಗೆ ಮೇಲಿನ ಸರದಿ ಸಿಗುವ ಸಾಧ್ಯತೆ ಹೆಚ್ಚು. ಅದೂ ಚೀಟಿ ಎತ್ತುವ ಲೆಕ್ಕ. 2019ರಿಂದ ಅತಿ ಕೆಳಗಿನ ಮೂರು ತಂಡಗಳಿಗೂ ಮೊದಲ ಸರದಿ ಸಿಗುವ ಸಾಧ್ಯತೆ ತಲಾ ಶೇ 14. ಮೊದಲು ಕಟ್ಟಕಡೆಯ ತಂಡಕ್ಕೆ ಶೇ 25 ಇತ್ತು. ಒಂದು ತಂಡ ತನ್ನ ಮುಂದಿನ ವರ್ಷಗಳ ಸರದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಬಿತ್ತನೆಯ ಬೀಜವನ್ನು ಅಡ ಇಟ್ಟ ಹಾಗೆ. ಮುಂದೆ ಹೇಳುವ ಕಥೆಯಲ್ಲಿ ಈ ಬೀಜದ ಪಾತ್ರ ದೊಡ್ಡದು.

ಇನ್ನು ಮಿನೆಸೋಟಕ್ಕೆ ಹೋಗೋಣ. 1995ರಲ್ಲಿ ಗಾರ್ನೆಟ್ ಷಿಕಾಗೋದ ಹೈಸ್ಕೂಲಿನಿಂದ, ಕಾಲೇಜಿನ ಮೆಟ್ಟಿಲು ಹತ್ತದೆ, ಐದನೆಯ ಸರದಿಯಲ್ಲಿ ಅಲ್ಲಿಗೆ ಬಂದರು. ಎರಡು ಋತು ಮುಗಿದ ಮೇಲೆ ತಂಡ ಅವರಿಗೆ ಆರು ವರ್ಷಕ್ಕೆ 12.6 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟಿತು. ಇಡೀ ಲೀಗ್ ಬೆಚ್ಚಿಬಿದ್ದ ಮೊತ್ತ ಅದು. ಅವರು ಆ ಹಣಕ್ಕೆ ತಕ್ಕಂತೆ ಆಡಿದರು. ತಂಡ ಸತತ ಎಂಟು ವರ್ಷ ಪ್ಲೇಆಫ್ ತಲುಪಿತು. ಆದರೆ ಮೊದಲ ಏಳು ವರ್ಷವೂ ಮೊದಲ ಸುತ್ತಿನಲ್ಲೇ ಸೋಲು. ಇದಕ್ಕೆ ಕಾರಣ ಅವರಲ್ಲ. ಜೋ ಸ್ಮಿತ್ ಎಂಬ ಆಟಗಾರನ ಜೊತೆ ತಂಡದ ಆಡಳಿತ ನಿಯಮ ಮೀರಿ ಗುಟ್ಟಿನ ಒಪ್ಪಂದ ಮಾಡಿಕೊಂಡಿದ್ದು 2000ದಲ್ಲಿ ಬಯಲಾಯಿತು. ಶಿಕ್ಷೆಯಾಗಿ ಲೀಗ್ ಹಲವು ವರ್ಷಗಳ ಮೊದಲ ಸುತ್ತಿನ ಹಕ್ಕುಗಳನ್ನು ಕಿತ್ತುಕೊಂಡಿತು. ಅಂದರೆ ಗಾರ್ನೆಟ್ ಅವರ ಅತ್ಯುತ್ತಮ ವರ್ಷಗಳಲ್ಲಿ ಅವರ ಪಕ್ಕದಲ್ಲಿ ಬೆಳೆಯಬೇಕಾಗಿದ್ದ ಹುಡುಗರು ಬರಲೇ ಇಲ್ಲ. 2004ರಲ್ಲಿ ಅವರು ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಎನಿಸಿಕೊಂಡರು. ಆ ವರ್ಷ ತಂಡ ಪಶ್ಚಿಮ ವಿಭಾಗದ ಫೈನಲ್‌ವರೆಗೆ ಹೋಗಿ ಲಾಸ್ ಏಂಜಲೀಸ್‌ನ ಲೇಕರ್ಸ್‌ಗೆ ಸೋತಿತು. ಆಮೇಲೆ ಇಳಿಜಾರು. 2006-07ರಲ್ಲಿ 82ರಲ್ಲಿ ಗೆದ್ದದ್ದು 32 ಪಂದ್ಯ.

2007ರ ಜುಲೈ 31ರಂದು ಅವರನ್ನು ಬಾಸ್ಟನ್‌ಗೆ ಕೊಟ್ಟರು. ಆಗ ಅವರಿಗೆ 31 ವರ್ಷ. ಪ್ರತಿಯಾಗಿ ಬಂದದ್ದು ಐವರು ಆಟಗಾರರು ಮತ್ತು ಎರಡು ಮೊದಲ ಸುತ್ತಿನ ಹಕ್ಕುಗಳು. ಒಬ್ಬರಿಗೆ ಏಳು. ಕಾಗದದ ಮೇಲೆ ನೋಡಿದರೆ ದೊಡ್ಡ ಮೂಟೆ. ಮಿನೆಸೋಟದ ಆಡಳಿತದಲ್ಲಿದ್ದವರು ಕೆವಿನ್ ಮೆಕ್‌ಹೇಲ್, ಬಾಸ್ಟನ್‌ನ ಆಡಳಿತದಲ್ಲಿದ್ದವರು ಡ್ಯಾನಿ ಏಂಜ್. ಇಬ್ಬರೂ 1980ರ ದಶಕದಲ್ಲಿ ಬಾಸ್ಟನ್‌ನಲ್ಲಿ ಒಟ್ಟಿಗೆ ಆಡಿ, 1984 ಮತ್ತು 1986ರಲ್ಲಿ ಪ್ರಶಸ್ತಿ ಗೆದ್ದ ಸಂಗಾತಿಗಳು. ಹಳೆಯ ಗೆಳೆಯನಿಗೆ ಅಗ್ಗದಲ್ಲಿ ಕೊಟ್ಟರು ಎಂಬ ಆಪಾದನೆಯನ್ನು ಮೆಕ್‌ಹೇಲ್ ಹೊರಬೇಕಾಯಿತು. ನಾನು ಅದನ್ನು ಒಪ್ಪುವುದಿಲ್ಲ. ಬಂದವರಲ್ಲಿ ಆಲ್ ಜೆಫರ್ಸನ್ ನಿಜಕ್ಕೂ ಒಳ್ಳೆಯ ಆಟಗಾರ. ಮರುವರ್ಷವೇ ಪಂದ್ಯಕ್ಕೆ ಸರಾಸರಿ 21 ಅಂಕ, 11 ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು) ಗಳಿಸಿದರು. ಆದರೂ ತಂಡ ಗೆದ್ದದ್ದು 22. ಅತ್ತ 24 ಪಂದ್ಯ ಗೆದ್ದಿದ್ದ ಬಾಸ್ಟನ್ ಒಂದೇ ವರ್ಷದಲ್ಲಿ 66 ಗೆದ್ದು, ಫೈನಲ್‌ನ ಆರನೆಯ ಪಂದ್ಯದಲ್ಲಿ ಲೇಕರ್ಸ್ ತಂಡವನ್ನು 131-92ರಿಂದ ಮಣಿಸಿ ಚಾಂಪಿಯನ್ ಆಯಿತು.

ಮಿನೆಸೋಟದ ತಪ್ಪು ಕೊಟ್ಟದ್ದರಲ್ಲಿರಲಿಲ್ಲ. ಕೊಟ್ಟ ನಂತರದ್ದರಲ್ಲಿತ್ತು. ಅವರಿಗೆ ದಕ್ಕಿದ ಎರಡು ಹಕ್ಕುಗಳಲ್ಲಿ ಒಂದು, ಅವರೇ ಹಿಂದೊಮ್ಮೆ ಬಾಸ್ಟನ್‌ಗೆ ಬಿಟ್ಟುಕೊಟ್ಟಿದ್ದು ಮರಳಿ ಬಂದದ್ದು. 2009ರಲ್ಲಿ ಅದು ಆರನೆಯ ಸರದಿಯಾಯಿತು. ಇನ್ನೊಂದು ವ್ಯವಹಾರದಿಂದ ಐದನೆಯ ಸರದಿಯೂ ಅವರ ಕೈಯಲ್ಲಿತ್ತು. ಬೆನ್ನುಬೆನ್ನಿಗೆ ಎರಡು ಅವಕಾಶ! ಐದರಲ್ಲಿ ರಿಕಿ ರೂಬಿಯೋ, ಆರರಲ್ಲಿ ಜಾನಿ ಫ್ಲಿನ್. ಇಬ್ಬರೂ ಚೆಂಡು ನಡೆಸುವ ಒಂದೇ ಸ್ಥಾನದ ಆಟಗಾರರು. ಏಳರಲ್ಲಿ ಕರ್ರಿ. ರೂಬಿಯೋ ಎರಡು ವರ್ಷ ಸ್ಪೇನ್‌ನಲ್ಲೇ ಉಳಿದರು. ಫ್ಲಿನ್ ಸೊಂಟದ ಗಾಯಕ್ಕೆ ತುತ್ತಾಗಿ ಮೂರು ವರ್ಷದಲ್ಲಿ ಲೀಗ್‌ನಿಂದಲೇ ಹೊರಗಾದರು. ಕರ್ರಿ ಇಷ್ಟು ದೊಡ್ಡ ಆಟಗಾರನಾಗುತ್ತಾರೆಂದು ಅಂದು ಯಾರಿಗೂ ಗೊತ್ತಿರಲಿಲ್ಲ ಎಂಬುದು ನಿಜ. ಆದರೆ ಒಂದೇ ಸ್ಥಾನಕ್ಕೆ ಇಬ್ಬರನ್ನು ಆರಿಸುವ ಗೊಂದಲ ಮಾತ್ರ ಅಂದೇ ಕಾಣುವಂತಿತ್ತು. 2004ರ ನಂತರ ಮಿನೆಸೋಟ ಮತ್ತೆ ಪ್ಲೇಆಫ್ ಮುಖ ನೋಡಿದ್ದು 2018ರಲ್ಲಿ. 2004ರಲ್ಲಿ ಪಂದ್ಯ ನೋಡಲು ಅಪ್ಪನ ಕೈ ಹಿಡಿದು ಬಂದ ಐದು ವರ್ಷದ ಮಗುವಿಗೆ ಮುಂದಿನ ಪ್ಲೇಆಫ್ ನೋಡುವ ಹೊತ್ತಿಗೆ ಹತ್ತೊಂಬತ್ತು.

ಹಾಗಾಗಿ ಹಿರಿಯ ಆಟಗಾರನನ್ನು ಕೊಟ್ಟ ದಿನ ಪುನರ್ನಿರ್ಮಾಣ ಮುಗಿದ ಹಾಗೆ ಸಂಭ್ರಮಿಸುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಹಳೆಯ ಮನೆ ಕೆಡವಿ ಜಾಗ ತೆರವಾಗಿದೆ, ಅಷ್ಟೆ. ಪಾಯವನ್ನು ಇನ್ನೂ ತೆಗೆದಿಲ್ಲ.

ಈಗ 2013ರ ಬಾಸ್ಟನ್. ಈ ಭಾಗವನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆ.

ಆ ಊರಿಗೆ ಒಂದು ಹಳೆಯ ಗಾಯದ ನೆನಪಿತ್ತು. 1980ರ ದಶಕದಲ್ಲಿ ಲ್ಯಾರಿ ಬರ್ಡ್, ಮೆಕ್‌ಹೇಲ್, ರಾಬರ್ಟ್ ಪ್ಯಾರಿಷ್ ಎಂಬ ಮೂವರು ಬಾಸ್ಟನ್‌ನ ಕಂಬಗಳಾಗಿದ್ದರು. ಅವರಿಗೆ ವಯಸ್ಸಾದಾಗ ತಂಡ ಯಾರನ್ನೂ ಕೊಡಲಿಲ್ಲ. ಬೆನ್ನುನೋವಿನಿಂದ ನರಳುತ್ತ ಬರ್ಡ್ 1992ರಲ್ಲಿ ನಿವೃತ್ತರಾದರು, ಮರುವರ್ಷ ಮೆಕ್‌ಹೇಲ್. ತಂಡ ಕುಸಿಯುತ್ತ ಕುಸಿಯುತ್ತ 1996-97ರಲ್ಲಿ 15 ಪಂದ್ಯ ಗೆದ್ದು 67 ಸೋತಿತು. 1986ರ ನಂತರದ ಪ್ರಶಸ್ತಿಗೆ 22 ವರ್ಷ ಕಾಯಬೇಕಾಯಿತು. ನ್ಯಾಯವಾಗಿ ಹೇಳಬೇಕಾದದ್ದೂ ಒಂದಿದೆ. 1986ರಲ್ಲಿ ಆಯ್ಕೆಯಾದ ಎರಡೇ ದಿನಕ್ಕೆ ಲೆನ್ ಬಯಾಸ್ ತೀರಿಕೊಂಡರು, 1993ರಲ್ಲಿ ರೆಜ್ಜಿ ಲೂಯಿಸ್ ತೀರಿಕೊಂಡರು. ಹಿರಿಯರ ಹೆಗಲಿನ ಹೊರೆ ಇಳಿಸಿಕೊಳ್ಳಬೇಕಾಗಿದ್ದ ಇಬ್ಬರು ಯುವಕರನ್ನು ಸಾವು ಕೊಂಡೊಯ್ದಿತು. ಅದನ್ನು ಮರೆತು, ಮುದುಕರನ್ನು ಇಟ್ಟುಕೊಂಡಿದ್ದಕ್ಕೇ ಹಾಳಾದರು ಎನ್ನುವುದು ಕ್ರೂರವಾದ ಮಾತು. ಆದರೆ ಏಂಜ್ ಆ ಕುಸಿತವನ್ನು ಹತ್ತಿರದಿಂದ ಬಲ್ಲವರು. ಆ ತಂಡದಲ್ಲಿ ಆಡಿದವರು, 1989ರಲ್ಲಿ ತಾವೇ ಸ್ಯಾಕ್ರಮೆಂಟೊಗೆ ವಿನಿಮಯವಾಗಿ ಹೋದವರು. ಬರ್ಡ್ ಮತ್ತು ಮೆಕ್‌ಹೇಲ್ ಅವರನ್ನು ಬೆಲೆ ಇರುವಾಗಲೇ ಕೊಡಬೇಕಾಗಿತ್ತು ಎಂಬುದು ಅವರು ಬಹಿರಂಗವಾಗಿಯೇ ಹೇಳಿಕೊಂಡು ಬಂದ ಅಭಿಪ್ರಾಯ.

2013ರ ಬೇಸಿಗೆಯಲ್ಲಿ ಅವರ ಮುಂದೆ ಅದೇ ಚಿತ್ರ ಬಂದು ನಿಂತಿತು. ಗಾರ್ನೆಟ್ ಅವರಿಗೆ 37. ಪಾಲ್ ಪಿಯರ್ಸ್‌ಗೆ 35. ಪಿಯರ್ಸ್ 1998ರಿಂದ ಬೇರೆ ಅಂಗಿ ತೊಟ್ಟವರೇ ಅಲ್ಲ. 2008ರ ಫೈನಲ್‌ನ ಶ್ರೇಷ್ಠ ಆಟಗಾರ. 24 ಪಂದ್ಯ ಗೆದ್ದ ದರಿದ್ರ ವರ್ಷದಲ್ಲೂ ಊರು ಬಿಟ್ಟು ಹೋಗದವರು. ತರಬೇತುದಾರ ಡಾಕ್ ರಿವರ್ಸ್ ಆಗತಾನೆ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಹೊರಟಿದ್ದರು. ಅವರ ಜಾಗಕ್ಕೆ ಬಂದ ಬ್ರಾಡ್ ಸ್ಟೀವನ್ಸ್ ಬಟ್ಲರ್ ಎಂಬ ಸಣ್ಣ ವಿಶ್ವವಿದ್ಯಾಲಯದ ತಂಡವನ್ನು ಎರಡು ಸಲ ರಾಷ್ಟ್ರೀಯ ಫೈನಲ್‌ಗೆ ಕೊಂಡೊಯ್ದಿದ್ದ ಯುವಕ. ವಯಸ್ಸು 36. ಅಂದರೆ ಗಾರ್ನೆಟ್ ಅವರಿಗಿಂತ ಐದು ತಿಂಗಳು ಚಿಕ್ಕವರು!

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತೇವಲ್ಲ, ಎರಡು ಕಾಲಗಳನ್ನು ಒಂದೇ ನೊಗಕ್ಕೆ ಕಟ್ಟಿದರೆ ಆಗುವುದು ಅದೇ. ಹಿರಿಯನಿಗೆ ಈ ವರ್ಷವೇ ಗೆಲ್ಲಬೇಕು, ಅವನಿಗೆ ಉಳಿದಿರುವುದೇ ಎರಡು ವರ್ಷ. ಹುಡುಗನಿಗೆ ತಪ್ಪು ಮಾಡಲು ಎರಡು ವರ್ಷ ಬೇಕು. ಕೊನೆಯ ಐದು ನಿಮಿಷದಲ್ಲಿ ಚೆಂಡು ಯಾರ ಕೈಗೆ ಕೊಡುತ್ತೀರಿ? ಹಿರಿಯನಿಗೆ ಕೊಟ್ಟರೆ ಹುಡುಗ ಕಲಿಯುವುದಿಲ್ಲ. ಹುಡುಗನಿಗೆ ಕೊಟ್ಟರೆ ಹಿರಿಯನ ಕೊನೆಯ ದಿನಗಳನ್ನು ನೀವು ಕದ್ದ ಹಾಗೆ. ಇಬ್ಬರಿಗೂ ಅನ್ಯಾಯ.

ಇದೇ ಹೊತ್ತಿಗೆ ಬ್ರೂಕ್ಲಿನ್ ನೆಟ್ಸ್ ಅವಸರದಲ್ಲಿತ್ತು. ಹಿಂದಿನ ವರ್ಷವಷ್ಟೇ ನ್ಯೂಜೆರ್ಸಿಯಿಂದ ಹೊಸ ಒಳಾಂಗಣಕ್ಕೆ ಬಂದ ತಂಡ. ಮಾಲೀಕರು ರಷ್ಯಾದ ಶ್ರೀಮಂತ ಮಿಖಾಯಿಲ್ ಪ್ರೊಖೊರೊವ್. 2010ರಲ್ಲಿ ತಂಡವನ್ನು ಕೊಂಡಾಗ ಐದು ವರ್ಷದಲ್ಲಿ ಪ್ರಶಸ್ತಿ ಗೆಲ್ಲುತ್ತೇವೆ ಎಂದು ಮಾತು ಕೊಟ್ಟಿದ್ದರು. ಮೂರು ವರ್ಷ ಕಳೆದಿತ್ತು. ಇಂಥವರಿಗೆ 37 ವರ್ಷದ ಗಾರ್ನೆಟ್ ಕಾಣುವುದಿಲ್ಲ, 2008ರ ಗಾರ್ನೆಟ್ ಕಾಣುತ್ತಾರೆ. ಗಾಳಿ ಬಂದಾಗ ತೂರಿಕೊಳ್ಳಬೇಕು. ಏಂಜ್ ತೂರಿಕೊಂಡರು.

ಗಾರ್ನೆಟ್, ಪಿಯರ್ಸ್, ಜೇಸನ್ ಟೆರಿ ಇವರೊಡನೆ ಇನ್ನೊಬ್ಬ ಕಿರಿಯ ಆಟಗಾರ ಬ್ರೂಕ್ಲಿನ್‌ಗೆ. ಪ್ರತಿಯಾಗಿ ಬಂದ ಐವರು ಆಟಗಾರರ ಹೆಸರು ಇಲ್ಲಿ ಬೇಡ. ಸಂಬಳದ ತಕ್ಕಡಿ ತೂಗಲು ಬಂದವರು. ತಿರುಳಿದ್ದದ್ದು 2014, 2016, 2018ರ ಮೊದಲ ಸುತ್ತಿನ ಹಕ್ಕುಗಳಲ್ಲಿ, ಮತ್ತು 2017ರಲ್ಲಿ ಬೇಕಾದರೆ ಸರದಿಗಳನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕಿನಲ್ಲಿ. ಒಂದು ವರ್ಷ ಬಿಟ್ಟು ಒಂದು ವರ್ಷ ಏಕೆ? ಬೆನ್ನುಬೆನ್ನಿಗೆ ಎರಡು ವರ್ಷದ ಮೊದಲ ಸುತ್ತಿನ ಹಕ್ಕನ್ನು ಕೊಡಕೂಡದು ಎಂಬ ನಿಯಮ ಲೀಗ್‌ನಲ್ಲಿದೆ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್‌ನ ಮಾಲೀಕ ಟೆಡ್ ಸ್ಟೆಪಿಯನ್ ಹಕ್ಕುಗಳನ್ನೆಲ್ಲ ಹಂಚಿ ತಂಡವನ್ನು ಬರಿದು ಮಾಡಿದ ಮೇಲೆ ಬಂದ ನಿಯಮ, ಅವರ ಹೆಸರಿನಿಂದಲೇ ಕರೆಯುತ್ತಾರೆ. ಅದಲುಬದಲಿನ ಹಕ್ಕು ಆ ಬೇಲಿಯ ಸಂದಿಯಲ್ಲಿ ತೂರುವ ದಾರಿ. ಈ ಹಕ್ಕುಗಳಿಗೆ ಬ್ರೂಕ್ಲಿನ್ ಯಾವ ರಕ್ಷಣೆಯನ್ನೂ ಇಟ್ಟುಕೊಳ್ಳಲಿಲ್ಲ. ನಾವು ಕಟ್ಟಕಡೆಗೆ ಬಿದ್ದರೆ ಹಕ್ಕು ನಮಗೇ ಉಳಿಯಲಿ ಎಂಬ ಒಂದು ಸಾಲು ಬರೆಸಿದ್ದರೂ ಕಥೆ ಬೇರೆಯಾಗುತ್ತಿತ್ತು. ಬೀಳುತ್ತೇವೆ ಎಂದು ಅವರು ಎಣಿಸಿರಲೇ ಇಲ್ಲ.

ಆ ವರ್ಷ ಬ್ರೂಕ್ಲಿನ್ ಸಂಬಳದ ಮಿತಿ ಮೀರಿದ್ದಕ್ಕೆ ಕಟ್ಟಿದ ತೆರಿಗೆಯೇ ಸುಮಾರು 9 ಕೋಟಿ ಡಾಲರ್. ಗೆದ್ದದ್ದು 44 ಪಂದ್ಯ. ಮೊದಲ ಸುತ್ತಿನಲ್ಲಿ ಟೊರಾಂಟೊ ವಿರುದ್ಧ ಏಳನೆಯ ಪಂದ್ಯದ ಕೊನೆಯ ಎಸೆತವನ್ನು ಪಿಯರ್ಸ್ ತಡೆದು ಗೆಲ್ಲಿಸಿದರು, ಆ ಕ್ಷಣ ಚೆನ್ನಾಗಿತ್ತು. ಮುಂದಿನ ಸುತ್ತಿನಲ್ಲಿ ಮಯಾಮಿಗೆ 4-1ರ ಸೋಲು. ಪಿಯರ್ಸ್ ಬೇಸಿಗೆಯಲ್ಲೇ ವಾಷಿಂಗ್ಟನ್‌ಗೆ ಹೊರಟರು. 2015-16ರಲ್ಲಿ ಬ್ರೂಕ್ಲಿನ್ 21 ಗೆದ್ದಿತು, ಬಂದ ಮೂರನೆಯ ಸರದಿ ಬಾಸ್ಟನ್ ಪಾಲು: ಜೇಲನ್ ಬ್ರೌನ್. ಮರುವರ್ಷ 20 ಗೆದ್ದು ಲೀಗ್‌ನಲ್ಲೇ ಕಟ್ಟಕಡೆ, ಬಂದ ಮೊದಲ ಸರದಿ ಬಾಸ್ಟನ್ ಪಾಲು. ಬಾಸ್ಟನ್ ಅದನ್ನು ಫಿಲಡೆಲ್ಫಿಯಾಗೆ ಕೊಟ್ಟು ಮೂರನೆಯ ಸರದಿಗೆ ಇಳಿದು, ಮೇಲೊಂದು ಹಕ್ಕನ್ನೂ ಪಡೆದು ಟೇಟಮ್ ಅವರನ್ನು ತಂದಿತು. 2018ರ ಹಕ್ಕು ಕೈರಿ ಇರ್ವಿಂಗ್ ಅವರನ್ನು ತರಲು ಕ್ಲೀವ್‌ಲ್ಯಾಂಡ್‌ಗೆ ಹೋಯಿತು. ಅದೊಂದು ಫಲಿಸಲಿಲ್ಲ. ಎರಡು ವರ್ಷ ಆಡಿ ಇರ್ವಿಂಗ್ ಬ್ರೂಕ್ಲಿನ್‌ಗೇ ಹೊರಟುಹೋದರು.

ಬ್ರೂಕ್ಲಿನ್ ಬಿತ್ತನೆಯ ಬೀಜವನ್ನು ಅನ್ನ ಮಾಡಿ ಉಂಡಿತು, ಬಾಸ್ಟನ್ ಬೆಳೆ ತೆಗೆಯಿತು. 2024ರಲ್ಲಿ ಬಾಸ್ಟನ್ ಡಲ್ಲಾಸ್ ತಂಡವನ್ನು 4-1ರಿಂದ ಸೋಲಿಸಿ ತನ್ನ 18ನೆಯ ಪ್ರಶಸ್ತಿ ಗೆದ್ದಾಗ ಫೈನಲ್‌ನ ಶ್ರೇಷ್ಠ ಆಟಗಾರ ಬ್ರೌನ್.

ಮಿನೆಸೋಟಕ್ಕೂ ಬಾಸ್ಟನ್‌ಗೂ ಏನು ವ್ಯತ್ಯಾಸ? ಅದೃಷ್ಟ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮಿನೆಸೋಟ ಆಟಗಾರರನ್ನು ಕೇಳಿತು, ಬಾಸ್ಟನ್ ಕಾಲವನ್ನು ಕೇಳಿತು. ಹಿರಿಯನನ್ನು ಕೊಂಡ ತಂಡ ಇಂದು ಬಲವಾಗಿರುತ್ತದೆ, ಮೂರು ನಾಲ್ಕು ವರ್ಷಕ್ಕೆ ಅದೂ ಮುದಿಯಾಗುತ್ತದೆ. ಅದರ ಮುದಿತನದ ವರ್ಷಗಳ ಹಕ್ಕನ್ನು ಇಂದೇ ಬರೆಸಿಕೊಳ್ಳುವುದು ಜಾಣತನ. ಇನ್ನೊಂದು, ಬಾಸ್ಟನ್ ಕಾಯುವ ವರ್ಷಗಳಲ್ಲಿ ಸೋಲನ್ನೇ ಗುರಿ ಮಾಡಿಕೊಳ್ಳಲಿಲ್ಲ. ಮೊದಲ ವರ್ಷ 25, ಎರಡನೆಯ ವರ್ಷ 40, ಮೂರನೆಯ ವರ್ಷ 48, ನಾಲ್ಕನೆಯ ವರ್ಷ 53 ಗೆಲುವು. ಸ್ಟೀವನ್ಸ್ ಕೈಯಲ್ಲಿದ್ದವರಿಗೆ ಆಟ ಕಲಿಸಿದರು. ಬ್ರೌನ್ ಬಂದಾಗ ಅವರು ಕಾಲಿಟ್ಟದ್ದು ಗೆಲ್ಲುತ್ತಿದ್ದ ಮನೆಗೆ. ಸೋಲಿಗೆ ಒಗ್ಗಿಹೋದ ಕೋಣೆಯಲ್ಲಿ ಎಂಥ ಪ್ರತಿಭೆಯೂ ಬಾಡುತ್ತದೆ ಎಂದು ನಾನು ಬಲವಾಗಿ ನಂಬುತ್ತೇನೆ.

ಇಲ್ಲಿ ಸಭೆಯ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಹಾಗಾಯಿತಲ್ಲ ಸರ್ ಇದು? ಹದಿನೈದು ವರ್ಷ ದುಡಿದವನಿಗೆ ಇದೇ ಮರ್ಯಾದೆಯೇ?’

ಈ ಪ್ರಶ್ನೆ ನನಗೆ ನೋವು ಕೊಡುವ ಪ್ರಶ್ನೆ. ನಮಗೆ ಅದರ ರುಚಿ ಗೊತ್ತಿದೆ. 2011ರ ಐಪಿಎಲ್ ಹರಾಜಿಗೆ ಮುನ್ನ ನಮ್ಮ ಬೆಂಗಳೂರು ತಂಡ ಉಳಿಸಿಕೊಂಡದ್ದು ವಿರಾಟ್ ಕೊಹ್ಲಿಯವರನ್ನು ಮಾತ್ರ. 38ರ ಹೊಸ್ತಿಲಲ್ಲಿದ್ದ ರಾಹುಲ್ ದ್ರಾವಿಡ್ ರಾಜಸ್ಥಾನಕ್ಕೆ ಹೋದರು. ಬೆಂಗಳೂರಿನ ಹುಡುಗ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ನೀಲಿ ಅಂಗಿಯಲ್ಲಿ ಎದುರಾಳಿಯಾಗಿ ಬಂದರೆ ಯಾರ ಕಡೆ ಕೂಗುವುದು? ಕ್ರಿಕೆಟ್ ಹರಾಜಿನ ಲೆಕ್ಕ ಬೇರೆ, ಅದನ್ನು ಬಾಸ್ಕೆಟ್‌ಬಾಲ್‌ಗೆ ಹಾಗೇ ತಂದು ಹೊಂದಿಸಲಾಗದು. ನೋವು ಮಾತ್ರ ಒಂದೇ.

ಆದರೆ ಅಂಬಿಗನನ್ನು ಕೇಳಿದವರು ಯಾರು? ಗಾರ್ನೆಟ್ ಅವರ ಒಪ್ಪಂದದಲ್ಲಿ ತಮ್ಮ ಒಪ್ಪಿಗೆಯಿಲ್ಲದೆ ಎಲ್ಲಿಗೂ ಕಳಿಸಕೂಡದೆಂಬ ಷರತ್ತಿತ್ತು. 2013ರಲ್ಲಿ ಅವರು ಒಪ್ಪಿದ ಮೇಲೆಯೇ ವ್ಯವಹಾರ ನಡೆಯಿತು. 2007ರಲ್ಲೂ ಮೊದಲು ಬಾಸ್ಟನ್‌ಗೆ ಹೋಗಲು ಅವರು ಮನಸ್ಸು ಮಾಡಿರಲಿಲ್ಲ. ಸಿಯಾಟಲ್‌ನಿಂದ ರೇ ಅಲೆನ್ ಅಲ್ಲಿಗೆ ಬಂದ ಮೇಲೆ ಒಪ್ಪಿದರು. ಸೋಲುವ ತಂಡದಲ್ಲಿ ಕಟ್ಟಿಹಾಕುವುದೇ ಕೃತಜ್ಞತೆ ಎಂದು ಅಭಿಮಾನಿಗಳಾದ ನಾವು ಭಾವಿಸುತ್ತೇವೆ. ಮಿನೆಸೋಟದಲ್ಲೇ ಉಳಿದಿದ್ದರೆ ಗಾರ್ನೆಟ್ ಅವರ ಬೆರಳಿಗೆ ಪ್ರಶಸ್ತಿಯ ಆ ಒಂದು ಉಂಗುರ ಬರುತ್ತಿರಲಿಲ್ಲ. 2014ರ ಜನವರಿ 26ರಂದು ಗಾರ್ನೆಟ್, ಪಿಯರ್ಸ್ ಇಬ್ಬರೂ ಬ್ರೂಕ್ಲಿನ್ ಅಂಗಿಯಲ್ಲಿ ಬಾಸ್ಟನ್‌ಗೆ ಆಡಲು ಬಂದಾಗ ಇಡೀ ಒಳಾಂಗಣ ಎದ್ದು ನಿಂತಿತು. ಮುಂದೆ 2018ರಲ್ಲಿ ಪಿಯರ್ಸ್ ಅವರ ಅಂಗಿ ಸಂಖ್ಯೆ 34, 2022ರಲ್ಲಿ ಗಾರ್ನೆಟ್ ಅವರ 5 ಗೌರವದ ಗುರುತಾಗಿ ಅಲ್ಲಿನ ಛಾವಣಿಗೇರಿದವು. ಕಳಿಸಿದ್ದರಿಂದ ನಂಟು ಹರಿಯಲಿಲ್ಲ.

ಇನ್ನು ಇಟ್ಟುಕೊಂಡವರ ಕಡೆ. ಲೇಕರ್ಸ್‌ನ ಹಿರಿಯ ಆಟಗಾರ ಕೋಬಿ ಬ್ರಯಂಟ್ 2013ರ ಏಪ್ರಿಲ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡರು. ಹರಿದ ಕಾಲಲ್ಲೇ ಎರಡು ಫ್ರೀ ಥ್ರೋ ಹಾಕಿ ಹೊರನಡೆದದ್ದನ್ನು ನೋಡಿದವರು ಮರೆಯಲಾರರು. ಅವರು ಇನ್ನೂ ಅಂಗಳಕ್ಕೆ ಮರಳುವ ಮೊದಲೇ, ನವೆಂಬರ್‌ನಲ್ಲಿ, ಲೇಕರ್ಸ್ ಎರಡು ವರ್ಷಕ್ಕೆ 4.85 ಕೋಟಿ ಡಾಲರ್‌ನ ಹೊಸ ಒಪ್ಪಂದ ಕೊಟ್ಟಿತು. ಆ ಋತುವಿನಲ್ಲಿ ಅವರು ಆಡಿದ್ದು ಆರು ಪಂದ್ಯ. ತಂಡದ ಗೆಲುವು 27, ಮರುವರ್ಷ 21, ಅದರ ಮರುವರ್ಷ 17. ಕೊನೆಯ ದಿನ, 2016ರ ಏಪ್ರಿಲ್ 13ರಂದು, ಯೂಟಾ ವಿರುದ್ಧ 50 ಎಸೆತ ಎಸೆದು 60 ಅಂಕ.

ಇದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಹರಿದ ಕಾಲಿನ 35 ವರ್ಷದ ಆಟಗಾರನಿಗೆ ಬೀಜದ ಬೆಲೆ ಕೊಡುವವರು ಯಾರೂ ಇರಲಿಲ್ಲ. ಗಳಿಗೆ ಮೀರಿತ್ತು. ಸೋತದ್ದರಿಂದ ಲೇಕರ್ಸ್‌ಗೆ 2015ರಲ್ಲೂ 2016ರಲ್ಲೂ ಎರಡನೆಯ ಸರದಿ ಬಂತು, ಆ ಕಾಲದ ಹುಡುಗರಲ್ಲಿ ಬ್ರಾಂಡನ್ ಇಂಗ್ರಾಮ್ ಮುಂದೆ ಆಂಥೊನಿ ಡೇವಿಸ್ ಅವರನ್ನು ತರಲು ಒದಗಿದರು, 2020ರಲ್ಲಿ ಪ್ರಶಸ್ತಿಯೂ ಬಂತು. ಆದರೆ ಅದಕ್ಕೆ ಲೆಬ್ರಾನ್ ಜೇಮ್ಸ್ ತಾವಾಗಿ ಬಂದು ಸೇರಬೇಕಾಯಿತು. ಆ ಊರಿಗೆ ಅಂಥ ಸೆಳೆತವಿದೆ. ಮಿನೆಸೋಟ ತಂಡದ ಊರಾದ ಮಿನಿಯಾಪೊಲಿಸ್‌ನ ಚಳಿಗೆ, ಪೋರ್ಟ್‌ಲ್ಯಾಂಡ್‌ನ ಮಳೆಗೆ ಆ ಸೆಳೆತವಿಲ್ಲ. ಸಣ್ಣ ಊರಿನ ತಂಡ ಲೇಕರ್ಸ್ ನೋಡಿ ಕಲಿಯಬಾರದು.

ಪೋರ್ಟ್‌ಲ್ಯಾಂಡ್ ಹೆಸರು ಬಂತಲ್ಲ, ಡೇಮಿಯನ್ ಲಿಲರ್ಡ್ ಅವರ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಹನ್ನೊಂದು ಋತು ಅಲ್ಲೇ ಆಡಿ, 2023ರ ಜುಲೈನಲ್ಲಿ 33ರ ಹೊಸ್ತಿಲಲ್ಲಿ ತಾವೇ ಹೊರಹೋಗಲು ಕೇಳಿದರು. ಬೇಕೆಂದದ್ದು ಮಯಾಮಿ. ತಂಡ ಅವಸರಪಡದೆ ಸೆಪ್ಟೆಂಬರ್‌ವರೆಗೆ ಕಾಯಿತು. ಮಿಲ್ವಾಕೀಗೆ ಕೊಟ್ಟು ಪಡೆದದ್ದರಲ್ಲಿ ಜ್ರೂ ಹಾಲಿಡೇ ಇದ್ದರು, 2029ರ ಹಕ್ಕೂ 2028, 2030ರ ಅದಲುಬದಲಿನ ಹಕ್ಕುಗಳೂ ಇದ್ದವು. ಹಾಲಿಡೇ ಅವರನ್ನು ಬಾಸ್ಟನ್‌ಗೆ ಕೊಟ್ಟು ಮಾಲ್ಕಮ್ ಬ್ರಾಗ್ಡನ್ ಮತ್ತು ಇನ್ನಷ್ಟು ಹಕ್ಕು ಪಡೆದರು. ಬ್ರಾಗ್ಡನ್ ಜೊತೆ ಅದರಲ್ಲೊಂದು ಹಕ್ಕನ್ನೂ ಸೇರಿಸಿ ವಾಷಿಂಗ್ಟನ್‌ನಿಂದ ದೆನಿ ಅವ್ದಿಯಾ ಎಂಬ 23 ವರ್ಷದ ಆಟಗಾರನನ್ನು ತಂದರು. ನನ್ನ ಕಣ್ಣಿಗೆ ಇದು ಸರಿಯಾದ ಕೃಷಿ. 2025ರ ಏಪ್ರಿಲ್‌ನಲ್ಲಿ ಲಿಲರ್ಡ್ ಅವರಿಗೂ ಹಿಮ್ಮಡಿ ಹರಿಯಿತು. ಮಿಲ್ವಾಕೀ ಅವರಿಗೆ ಬರಬೇಕಾಗಿದ್ದ ಸುಮಾರು 11.3 ಕೋಟಿ ಡಾಲರನ್ನು ಐದು ವರ್ಷಕ್ಕೆ ಹಂಚಿ ಬಿಟ್ಟುಬಿಟ್ಟಿತು. ಅವರು ಎಲ್ಲಿಗೆ ಹೋದರು? ಮನೆಗೆ. ಪೋರ್ಟ್‌ಲ್ಯಾಂಡ್ ಮೂರು ವರ್ಷಕ್ಕೆ 4.2 ಕೋಟಿ ಡಾಲರ್ ಕೊಟ್ಟು, ಇನ್ನು ನಿಮ್ಮ ಒಪ್ಪಿಗೆಯಿಲ್ಲದೆ ಎಲ್ಲಿಗೂ ಕಳಿಸುವುದಿಲ್ಲವೆಂಬ ಷರತ್ತನ್ನೂ ಬರೆದುಕೊಟ್ಟಿತು.

ಹಾಗಾದರೆ ಕಟ್ಟುವ ತಂಡದಲ್ಲಿ ಹಿರಿಯನಿಗೆ ಜಾಗವೇ ಇಲ್ಲವೇ ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ಅವಳಿಗೆ ಗಾರ್ನೆಟ್ ಅವರ ಮೂರನೆಯ ದಾರಿಯ ಕಥೆ ಹೇಳಿದೆ.

2015ರ ಫೆಬ್ರುವರಿ. ಬ್ರೂಕ್ಲಿನ್‌ನಲ್ಲಿ ಕನಸು ಕರಗಿತ್ತು. ಮಿನೆಸೋಟ ಥ್ಯಾಡಿಯಸ್ ಯಂಗ್ ಎಂಬ ಒಳ್ಳೆಯ, ಇನ್ನೂ ಹರೆಯದ ಆಟಗಾರನನ್ನು ಕೊಟ್ಟು, 39ಕ್ಕೆ ಮೂರು ತಿಂಗಳು ಬಾಕಿಯಿದ್ದ ಗಾರ್ನೆಟ್ ಅವರನ್ನು ಮರಳಿ ಕರೆಸಿಕೊಂಡಿತು. ಆ ವರ್ಷ ಅದು ಲೀಗ್‌ನ ಅತಿ ದುರ್ಬಲ ತಂಡ. ಲೆಕ್ಕ ಹಾಕುವವರಿಗೆ ತಲೆಬುಡ ತಿಳಿಯದ ವ್ಯವಹಾರ. ಕರೆಸಿದವರು ಫ್ಲಿಪ್ ಸಾಂಡರ್ಸ್. ಇಪ್ಪತ್ತು ವರ್ಷ ಹಿಂದೆ ಹೈಸ್ಕೂಲಿನಿಂದ ಬಂದ ಹುಡುಗನಿಗೆ ಮೊದಲ ದಿನಗಳಲ್ಲಿ ತರಬೇತಿ ಕೊಟ್ಟವರು. ಅವರಿಗೆ ಬೇಕಾಗಿದ್ದದ್ದು ಅಂಕಗಳಲ್ಲ. ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಬರುವ, ರಕ್ಷಣೆಯಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಗಂಟಲು ಹರಿಯುವಂತೆ ಕೂಗಿ ಹೇಳುವ ಒಬ್ಬ ಹಿರಿಯ. ಚೆಂಡಿನ ಮೇಲೆ ಅವನ ಹಕ್ಕು ಮುಗಿದಿರುತ್ತದೆ, ಆದ್ದರಿಂದ ಹುಡುಗರ ದಾರಿಗೆ ಅವನು ಅಡ್ಡ ಬರುವುದಿಲ್ಲ. ಆ ಜೂನ್‌ನಲ್ಲಿ ಮೊದಲ ಸರದಿಯಲ್ಲಿ ಕಾರ್ಲ್-ಆಂಥೊನಿ ಟೌನ್ಸ್ ಬಂದರು, 19 ವರ್ಷ. ತಂಡದ ಎತ್ತರದ ಹುಡುಗನಿಗೆ ತಂಡದ ಎತ್ತರದ ಹಿರಿಯ ಪಕ್ಕದಲ್ಲೇ ಸಿಕ್ಕರು.

ಅಕ್ಟೋಬರ್ 25ರಂದು, ಋತುವಿನ ತಂಡದ ಮೊದಲ ಪಂದ್ಯಕ್ಕೆ ಮೂರು ದಿನವಿರುವಾಗ, ಸಾಂಡರ್ಸ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಗಾರ್ನೆಟ್ ಆ ಋತುವನ್ನು ನೋಯುವ ಮಂಡಿಯಲ್ಲಿ ಅರ್ಧದವರೆಗೆ ಆಡಿ, 2016ರ ಸೆಪ್ಟೆಂಬರ್‌ನಲ್ಲಿ ನಿವೃತ್ತರಾದರು. ಟೌನ್ಸ್ ಆ ವರ್ಷದ ಶ್ರೇಷ್ಠ ಹೊಸ ಆಟಗಾರನಾಗಿದ್ದರು. 2018ರ ಏಪ್ರಿಲ್ 11, ಋತುವಿನ ಕಟ್ಟಕಡೆಯ ಪಂದ್ಯ, ಎದುರಿಗೆ ಡೆನ್ವರ್. ಗೆದ್ದವರು ಪ್ಲೇಆಫ್‌ಗೆ, ಸೋತವರು ಮನೆಗೆ. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಮಿನೆಸೋಟ ಗೆದ್ದಿತು. ಹದಿನಾಲ್ಕು ವರ್ಷ ಕಾದಿದ್ದ ಜನ ಒಳಾಂಗಣ ಬಿಟ್ಟು ಕದಲದೆ ಕೂಗುತ್ತಲೇ ಇದ್ದರು.